ಗೋಡೌನ್ ಎಂದು ಬರೆಸಿಕೊಂಡ ಕೋಣೆ

ಊರಿನ ಮನೆ ನಮ್ಮ ಮೂವರು ಅಕ್ಕತಂಗಿಯರ ಹೆಸರಿನಲ್ಲಿದೆ. ಅಕ್ಕ ಇರುವುದು ಒಮಾನಿನ ಇಬ್ರಿಯಲ್ಲಿ, ನಾನು ಅದೇ ದೇಶದ ಮಸ್ಕತ್ತಿನ ಹಮ್ರಿಯಾದಲ್ಲಿ. ಆ ಮನೆಯಲ್ಲಿ ನಿಜವಾಗಿ ಉಂಡು ಮಲಗುವವಳು ತಂಗಿ ಒಬ್ಬಳೇ. ತೆರಿಗೆ ಕಟ್ಟುವವಳೂ ಅವಳೇ, ಅಂಗನವಾಡಿಯ ಸಂಬಳದಲ್ಲಿ. ನಾವು ಕಟ್ಟುತ್ತೇವೆ ಎಂದರೆ, ‘ಮಲಗುವುದು ನಾನು, ಕಟ್ಟುವುದು ನೀವಾ?’ ಎಂದು ಬೈಯುತ್ತಾಳೆ. ಹಾಗಾಗಿ ಮಾಲೀಕರೇ ವಾಸವಿರುವ ಮನೆಗೆ ತೆರಿಗೆಯಲ್ಲಿ ರಿಯಾಯಿತಿ ಇದೆ ಎಂದು ಗೊತ್ತಾದದ್ದೇ ತಡ, ಅರ್ಜಿ ಹಾಕಿದಳು.

ಅರ್ಜಿ ವಾಪಸು ಬಂತು. ಪರಿಶೀಲನೆಗೆ ಬಂದ ನಗರಸಭೆಯವರು ಕಿಟಕಿಯಿಂದ ಮೂಲೆಯ ಕೋಣೆಯೊಳಗೆ ಇಣುಕಿ, ‘ಒಂದು ಕೋಣೆ ಗೋಡೌನ್, ವಾಣಿಜ್ಯ ಬಳಕೆ’ ಎಂದು ಬರೆದು ಹೋಗಿದ್ದರು.

ಅವರನ್ನು ದೂರುವಂತಿಲ್ಲ. ಅದು ಅಕ್ಕನ ಕೋಣೆ. ಗಲ್ಫಿಗೆ ಬಂದ ನಮ್ಮವರಿಗೆಲ್ಲ ಒಂದು ಚಾಳಿ: ಇಲ್ಲಿ ಕಿವಿ ಮುರಿದ ಕಪ್ಪಿನಲ್ಲಿ ಚಹಾ ಕುಡಿಯುತ್ತ, ಒಳ್ಳೆಯದನ್ನೆಲ್ಲ ‘ಊರಿಗೆ ಹೋದ ಮೇಲೆ’ ಎಂದು ಕಾರ್ಗೋದಲ್ಲಿ ಕಳಿಸುವುದು. ಅಕ್ಕ ಇಪ್ಪತ್ತು ವರ್ಷಗಳಿಂದ ಕಳಿಸುತ್ತಿದ್ದಾಳೆ. ನೆಲದಿಂದ ಮಾಡಿನ ತನಕ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು, ಪ್ರತಿಯೊಂದರ ನಾಲ್ಕೂ ಮಗ್ಗುಲಿಗೆ ದಪ್ಪ ಮಾರ್ಕರಿನಲ್ಲಿ ಅವಳ ಹೆಸರು, ಮೇಲೆ ನಂಬರ್. ಕಿಟಕಿಯ ಬದಿಗೆ ಪ್ಲಾಸ್ಟಿಕ್ ಚೀಲಗಳಲ್ಲಿ ಕಂಬಳಿಗಳು. ಬಾಗಿಲಿಗೆ ಬೀಗ. ಕೀಲಿಕೈ ಇಬ್ರಿಯಲ್ಲಿ.

“ತಿಂಗಳೊಳಗೆ ಕೋಣೆ ತೆರೆದು ತೋರಿಸ್ಬೇಕಂತೆ,” ತಂಗಿ ಫೋನಿನಲ್ಲಿ ಹೇಳಿದಳು. “ಇಲ್ಲದಿದ್ರೆ ರಿಯಾಯಿತಿ ಇಲ್ಲ. ಅಕ್ಕನಿಗೆ ನೀನೇ ಹೇಳು ಮಾರಾಯ್ತಿ. ನಾನು ಹೇಳಿದ್ರೆ ಅವಳ ಪೆಟ್ಟಿಗೆಯ ಡಿನ್ನರ್ ಸೆಟ್ಟಿನ ಆಸೆಗೆ ಹೇಳಿದ್ದು ಅಂತ ಆಗ್ತದೆ.”

ಫೋನಿನಲ್ಲಿ ಆಗುವ ಮಾತಲ್ಲ. ಶುಕ್ರವಾರ ಇಬ್ರಿಗೆ ಹೊರಟೆವು. “ಯಲ್ಲಾ, ಹೊರಡುವ, ಕೋಳಿ ಸಾರಾದ್ರೂ ಸಿಗ್ತದೆ,” ಎಂದು ನನ್ನ ಗಂಡ ಕಾರು ತೆಗೆದರು. ಊಟ ಮುಗಿದ ಮೇಲೆ ನಾನು ವಿಷಯ ತೆಗೆದೆ.

“ಗೋಡೌನಾ?” ಅಕ್ಕ ಎದ್ದೇ ನಿಂತಳು. “ನನ್ನ ಕೋಣೆಗೆ ಗೋಡೌನ್ ಅಂತ ಹೇಳಿದ್ದಾ ಅವ?”

“ಕಿಟಕಿಯಿಂದ ಕಾಣುವ ಕಂಬಳಿಯೇ ಒಂಬತ್ತು ಉಂಟಂತೆ ಅಕ್ಕ. ನಮ್ಮೂರಿನ ಸೆಕೆಯಲ್ಲಿ ಅಷ್ಟು ಕಂಬಳಿ ಕಂಡ್ರೆ ವ್ಯಾಪಾರ ಅಂತ್ಲೇ ಕಾಣುದು.”

“ಹನ್ನೊಂದು,” ಎಂದರು ಭಾವ, ಟಿವಿಯಿಂದ ಕಣ್ಣು ತೆಗೆಯದೆ.

“ನೀವು ಸುಮ್ಮನಿರಿ! ಒಮ್ಮೆ ಬಾಗಿಲು ತೆರೆದ್ರೆ ಖಲಾಸ್. ಒಂದೊಂದಾಗಿ ಹೊರಗೆ ಬರ್ತದೆ. ಮತ್ತೆ ನಾನು ಹೋಗುವಾಗ ಅಲ್ಲಿ ನಂದು ಅಂತ ಎಂತ ಉಂಟು?”

ಅಕ್ಕ ಅಡುಗೆಮನೆಗೆ ನಡೆದಳು, ನಾನೂ ಹಿಂದೆಯೇ ಹೋದೆ. ಅವಳು ಪಾತ್ರೆ ತೊಳೆದಳು, ನಾನು ಒರೆಸಿದೆ. ಕೊನೆಯ ಬಾಣಲೆ ಕೈಗೆ ಬಂದಾಗ, ತಿರುಗದೆಯೇ ಕೇಳಿದಳು: “ತಂಗಿ ತೆರಿಗೆಗೆ ಅಂತ ಯಾವತ್ತೂ ಒಂದು ಪೈಸೆ ಕೇಳ್ಲಿಲ್ಲ ಅಲ್ವಾ?”

“ಇಲ್ಲ.”

ಒಳಗೆ ಹೋಗಿ ಕೀಲಿಕೈ ತಂದಳು. “ನನ್ನ ಕಣ್ಣೆದುರೇ ತೆರೀಬೇಕು, ಹೇಳಿದ್ದೇನೆ.”

ಊರಿಗೆ ಹೊರಟಿದ್ದ ನಮ್ಮ ಮನೆಯ ಕೆಳಗೆ ಅಂಗಡಿ ಇಟ್ಟಿರುವ ಊರ ಕಡೆಯ ಬ್ಯಾರಿಗಳ ಕೈಯಲ್ಲಿ ಕೀಲಿಕೈ ವಿಮಾನ ಹತ್ತಿತು. ಗೊತ್ತುಮಾಡಿದ ಬೆಳಿಗ್ಗೆ ಅಕ್ಕ ಇಬ್ರಿಯಿಂದ, ನಾನು ಹಮ್ರಿಯಾದಿಂದ ತಂಗಿಯ ಮೊಬೈಲಿನ ಪರದೆಯಲ್ಲಿ ಹಾಜರಾದೆವು. ತಂಗಿ ಬೀಗ ತೆಗೆದಳು; ನಗರಸಭೆಯವರು ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ಬಂದರು.

“ಈ ಮೂರನೇ ನಂಬರಿನಲ್ಲಿ ಎಂತ ಉಂಟು?” ಎಂದು ಕೇಳಿದರು ಅವರು.

“ಮಿಕ್ಸಿ,” ಎಂದಳು ಅಕ್ಕ. “ಅಲ್ಲ, ಇಸ್ತ್ರಿಪೆಟ್ಟಿಗೆ. ತೆರೆ, ನೋಡುವ.”

ಒಳಗಿದ್ದದ್ದು ಶರಬತ್ತಿನ ಪುಡಿ. ಡಬ್ಬಿಯ ಆಕಾರಕ್ಕೇ ಗಟ್ಟಿಯಾಗಿ ಕೂತಿತ್ತು. ತಂಗಿ ಒಂದನ್ನು ಕವುಚಿ ಹಾಕಿದಾಗ ನೆಲ ಠಣ್ಣೆಂದಿತು.

“ಇದು ಮನೆ ಕಟ್ಲಿಕ್ಕೆ ತರಿಸಿದ್ದಾ ಅಮ್ಮ?” ಎಂದರು ಅವರು.

ಮೊದಲು ನಕ್ಕದ್ದು ಅಕ್ಕನೇ. ಆಮೇಲೆ ನಮಗೂ ಧೈರ್ಯ ಬಂತು.

“ಮಾರುವ ಸಾಮಾನಲ್ಲ ಅಂತ ಗೊತ್ತಾಯ್ತು,” ಅವರು ಕಣ್ಣೊರೆಸಿಕೊಂಡರು. “ಆದ್ರೆ ವಾಸದ ಕೋಣೆ ಅಂತ ಬರೀಬೇಕಾದ್ರೆ ಯಾರಾದ್ರೂ ವಾಸ ಮಾಡ್ಬೇಕಲ್ಲ? ಇಲ್ಲಿ ಮಲಗುದು ಯಾರು?”

ತಂಗಿ ಸುಳ್ಳು ಹೇಳುವವಳಲ್ಲ. ಮೊಬೈಲನ್ನೇ ನೋಡಿದಳು. ಅಕ್ಕ ಪರದೆಗೆ ಮುಖ ಹತ್ತಿರ ತಂದಳು.

“ಇವತ್ತಿನಿಂದ ಅವಳು,” ಎಂದಳು ಅಕ್ಕ. “ಪೆಟ್ಟಿಗೆ ಎಲ್ಲ ಬಿಚ್ಚು. ಬೇಕಾದ್ದು ಇಟ್ಕೊ, ಬೇಡದ್ದು ಅಂಗನವಾಡಿಗೆ ಕೊಡು. ಒಂದು ದೊಡ್ಡ ಮಂಚ ಹಾಕು. ನಾನು ಬಂದಾಗ ಇಬ್ಬರಿಗೂ ಆಗ್ಬೇಕು.”

“ಫ್ಯಾನಿನ ಅಡಿಯಲ್ಲಿ ಯಾರು?”

“ನಾನು! ದೊಡ್ಡವಳಲ್ವಾ?”

“ವಾಸ ಇರುವವಳು ನಾನಲ್ವಾ?”

ಆ ಜಗಳ ಮುಗಿಯುವ ಮೊದಲೇ ಅವರು ‘ಪೂರ್ತಿ ಸ್ವಂತ ವಾಸ’ ಎಂದು ಬರೆದು, ಅರ್ಜಿಗೆ ಸಹಿ ಹಾಕಿ, ಅಂಗಳ ದಾಟಿದ್ದರು.