ಆಫ್ ಆಗದ ಯಂತ್ರ ಹಾಸನಕ್ಕೆ ಬಂದ ಭಾನುವಾರ

ಟೆಂಪೋ ಮಗುಚಬಹುದಿತ್ತು. ಹೊಳೆನರಸೀಪುರದಿಂದ ಹಾಸನದವರೆಗಿನ ಗುಂಡಿಗಳಲ್ಲಿ ಯಾವುದೋ ಒಂದಕ್ಕೆ ಚಕ್ರ ಇಳಿದು ವಿಡಿಯೋ ಗೇಮ್ ಯಂತ್ರದ ಪಿಕ್ಚರ್ ಟ್ಯೂಬ್ ಒಡೆಯಬಹುದಿತ್ತು. ಆಷಾಢದ ಗಾಳಿಗೆ ಟಾರ್ಪಾಲು ಹಾರಿ ಮಳೆನೀರು ಟ್ರಾನ್ಸ್‌ಫಾರ್ಮರಿಗೆ ಇಳಿಯಬಹುದಿತ್ತು. ಲಾರಿ ಬ್ಯಾಟರಿಯ ಆ್ಯಸಿಡ್ ಚೆಲ್ಲಿ ನನ್ನ ಹೊಸ ಪ್ಯಾಂಟಿಗೆ ತೂತು ಬೀಳಬಹುದಿತ್ತು. ಉಳಿದವಕ್ಕೆ ಹೋಲಿಸಿದರೆ ಇದು ಚಿಲ್ಲರೆ, ಆದರೂ ನಾನು ಅದಕ್ಕೂ ಹೆದರದೆ ಬಿಟ್ಟಿರಲಿಲ್ಲ. ಅರಕಲಗೂಡಿನವರೂ ಚನ್ನರಾಯಪಟ್ಟಣದವರೂ ಪರದೆಯ ಮೇಲಿನ ಹೊಡೆದಾಟ ಮುಗಿಸಿ ಕೆಳಗೊಂದು ಶುರು ಮಾಡಬಹುದಿತ್ತು. ಪೊಲೀಸರು ಜೂಜು ಎಂದುಕೊಂಡು ಒಳಗೆ ಬರಬಹುದಿತ್ತು. ಒಬ್ಬನೇ ಒಬ್ಬ ಆಟಗಾರನೂ ಬಾರದೆ ಹೋಗಬಹುದಿತ್ತು. ಎಲ್ಲಕ್ಕಿಂತ ಮೇಲಾಗಿ ಕರೆಂಟು. ಆ ಯಂತ್ರಕ್ಕೆ ಒಂದು ಕ್ಷಣ ಕರೆಂಟು ತಪ್ಪಿದರೂ ಅದರೊಳಗಿದ್ದ ಮೂರು ಅಕ್ಷರ ಅಳಿಸಿಹೋಗುತ್ತಿತ್ತು, ಮತ್ತು ಅದನ್ನು ಅಲ್ಲಿ ಬರೆದವನು ಬದುಕಿರಲಿಲ್ಲ.

ಇವುಗಳಲ್ಲಿ ಒಂದೂ ಆಗಲಿಲ್ಲ.

ಅದು 1999. ನಾನು ಹಾಸನದಲ್ಲಿ ವಿಡಿಯೋ ಗೇಮ್ ಯಂತ್ರಗಳ ಸರ್ವಿಸ್ ಟೆಕ್ನಿಷಿಯನ್ ಆಗಿದ್ದೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವನು. ಟೆಲಿಫೋನ್ ಇಲಾಖೆ ಸೇರುತ್ತೇನೆಂದು ಮನೆಯಲ್ಲಿ ಕಾದಿದ್ದರು. ನೆಂಟರು ಕೇಳಿದರೆ ತಂದೆ "ಕಂಪ್ಯೂಟರ್ ಲೈನಲ್ಲಿದ್ದಾನೆ" ಎಂದು ಮಾತು ಬದಲಿಸುತ್ತಿದ್ದರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಊರುಗಳ ಅಂಗಡಿಗಳಲ್ಲಿ ನಮ್ಮ ಮಾಲೀಕರು ಕಾಯಿನ್ ಹಾಕಿ ಆಡುವ ಯಂತ್ರಗಳನ್ನು ಇಟ್ಟಿದ್ದರು. ಸಿಕ್ಕಿಕೊಂಡ ಕಾಯಿನ್ ಬಿಡಿಸುವುದು, ಸವೆದ ಜಾಯ್‌ಸ್ಟಿಕ್ ಬದಲಿಸುವುದು ನನ್ನ ಕೆಲಸ. ಬಸ್ಸಿನಲ್ಲಿ ಕೂತು "ಐರನ್ ಬಾಕ್ಸ್ ಆಫ್ ಮಾಡಿದೆನಾ" ಎಂದು ಯೋಚಿಸುವುದು ಸಂಬಳವಿಲ್ಲದ ಹೆಚ್ಚುವರಿ ಕೆಲಸ.

ಆ ಯಂತ್ರಗಳಲ್ಲೆಲ್ಲ ರಾಜನಂತಿದ್ದದ್ದು ಒಂದು ಹಳೆಯ ಫೈಟಿಂಗ್ ಗೇಮ್. ಇಬ್ಬರು ಅಕ್ಕಪಕ್ಕ ನಿಂತು, ತಲಾ ಒಬ್ಬ ಜಟ್ಟಿಯನ್ನು ಆರಿಸಿಕೊಂಡು ಹೊಡೆದಾಡಬೇಕು. ಮೂರರಲ್ಲಿ ಎರಡು ರೌಂಡು ಗೆದ್ದವನದು ಆಟ. ಸೋತವನು ಹೊರಗೆ. ಗೆದ್ದವನು ತನ್ನ ಅಂಕ ಉಳಿಸಿಕೊಂಡು ಕಂಪ್ಯೂಟರಿನ ಜಟ್ಟಿಗಳ ಜೊತೆ ಮುಂದುವರಿಯಬಹುದು. ಕೊನೆಗೆ ಅಂಕ ದೊಡ್ಡದಾಗಿದ್ದರೆ ಮೊದಲ ಐದು ಜನರ ಪಟ್ಟಿಯಲ್ಲಿ ಅವನ ಹೆಸರಿಗೆ ಜಾಗ. ಹೆಸರೆಂದರೆ ಮೂರೇ ಇಂಗ್ಲಿಷ್ ಅಕ್ಷರ. ಈ ಪಟ್ಟಿ ಇರುವುದು ಯಂತ್ರದ ತಾತ್ಕಾಲಿಕ ನೆನಪಿನಲ್ಲಿ. ಸ್ವಿಚ್ ಆರಿಸಿದರೆ ಹೋಯಿತು. ಮಾರನೆಯ ದಿನ ಕಂಪನಿಯವರು ತುಂಬಿದ ಬೊಗಳೆ ಹೆಸರುಗಳಷ್ಟೇ ಉಳಿದಿರುತ್ತವೆ.

ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ಸರೋಜಕ್ಕನ ಅಂಗಡಿಯಲ್ಲಿದ್ದ ಯಂತ್ರದ ಸ್ವಿಚ್ಚನ್ನು ಮಾತ್ರ ಯಾರೂ ಆರಿಸುತ್ತಿರಲಿಲ್ಲ. ಆ ಅಂಗಡಿ ನಡೆಸುತ್ತಿದ್ದವನು ಅವರ ತಮ್ಮ ಗಿರೀಶ. ಕಾಮಾಲೆಯಾಗಿ, ನಾಟಿ ಔಷಧಿ ಮುಗಿಸಿ ಆಸ್ಪತ್ರೆಗೆ ಹೋಗುವಷ್ಟರಲ್ಲಿ ತಡವಾಗಿ, ತೀರಿಕೊಂಡಿದ್ದ. ಹಾಸಿಗೆ ಹಿಡಿಯುವ ಮುಂಚೆ ಆಡಿದ ಕೊನೆಯ ಆಟದಲ್ಲಿ ಪಟ್ಟಿಯ ತುದಿಗೆ ಏರಿ 'ಜಿ-ಐ-ಆರ್' ಎಂದು ಬರೆದಿದ್ದ. ಅವನ ತಿಥಿ ಮುಗಿದ ಮೇಲೆ ಸರೋಜಕ್ಕ ನನ್ನನ್ನು ಕರೆಸಿ ಕೇಳಿದ್ದು ಒಂದೇ ಮಾತು: "ಇದು ಆರದಂಗೆ ಮಾಡ್ಕೊಡಪ್ಪ." ನಾನು ಲಾರಿ ಬ್ಯಾಟರಿಗೆ ಇನ್ವರ್ಟರ್ ಜೋಡಿಸಿ ಕೊಟ್ಟೆ. ಇಂಗ್ಲಿಷ್ ಓದಲು ಬಾರದ ಅವರಿಗೆ ಆ ಮೂರು ಅಕ್ಷರದ ಆಕಾರ ಗೊತ್ತಿತ್ತು. ಯಾರೂ ಆಡದಿದ್ದಾಗ ಯಂತ್ರ ತನ್ನಷ್ಟಕ್ಕೆ ಒಂದು ಆಟ ಆಡಿ ತೋರಿಸಿ, ಆಮೇಲೆ ಪಟ್ಟಿ ತೋರಿಸುತ್ತದೆ. ಬೋಂಡದ ಹಿಟ್ಟು ಕಲಸುತ್ತಲೇ ಆ ಹೊತ್ತಿಗೆ ಸರಿಯಾಗಿ ಅವರ ತಲೆ ಆ ಕಡೆ ತಿರುಗುತ್ತಿತ್ತು.

ಆ ಊರಿನ ಆಟಗಾರರು ತಾವಾಗಿ ಒಂದು ಪದ್ಧತಿ ಮಾಡಿಕೊಂಡಿದ್ದರು. ಗಿರೀಶನ ಅಂಕದ ಹತ್ತಿರ ಬಂದವನು ಜಾಯ್‌ಸ್ಟಿಕ್ಕಿನಿಂದ ಕೈ ತೆಗೆದು ಹಿಂದೆ ಸರಿಯುತ್ತಿದ್ದ. ಅವನ ಜಟ್ಟಿ ಪರದೆಯ ಮೇಲೆ ಏಟು ತಿಂದು ಬೀಳುವವರೆಗೆ ಎಲ್ಲರೂ ಸುಮ್ಮನೆ ನಿಂತಿರುತ್ತಿದ್ದರು. ಮೊದಲ ಸಲ ಅದನ್ನು ನೋಡಿದ ದಿನ ನಾನು ಜಾಯ್‌ಸ್ಟಿಕ್ ಕೆಟ್ಟಿದೆಯೆಂದು ಸ್ಕ್ರೂ ಡ್ರೈವರ್ ತೆಗೆದಿದ್ದೆ.

ಅಷ್ಟರಲ್ಲಿ ಮನೆಯ ಟಿವಿಗೆ ಸಿಕ್ಕಿಸುವ ಅಗ್ಗದ ಗೇಮ್‌ಗಳು ಬಂದು ನಮ್ಮ ಅಂಗಡಿಗಳು ಬಣಗುಟ್ಟತೊಡಗಿದವು. ನಾಲ್ಕು ಊರಿನವರನ್ನು ಸೇರಿಸಿ ಟೂರ್ನಮೆಂಟ್ ಮಾಡಿದರೆ ಮತ್ತೆ ಹುರುಪು ಬರುತ್ತದೆಂದು ಮಾಲೀಕರು ತೀರ್ಮಾನಿಸಿದರು. ಆಷಾಢದಲ್ಲಿ ಮದುವೆಗಳಿಲ್ಲದೆ ಖಾಲಿ ಬಿದ್ದಿದ್ದ ಹಾಸನದ ಕಲ್ಯಾಣ ಮಂಟಪವೊಂದರ ಊಟದ ಹಾಲ್ ಗೊತ್ತುಮಾಡಿದ್ದಾಯಿತು. ಆದರೆ ಎರಡೂ ಕಡೆಯ ಬಟನ್ನುಗಳು ಸರಿಯಾಗಿದ್ದ ಯಂತ್ರ ಒಂದೇ ಇತ್ತು, ಸರೋಜಕ್ಕನದು. ಕೇಳಲು ನನ್ನನ್ನು ಕಳಿಸಿದರು. ಬೈಸಿಕೊಳ್ಳಲು ತಯಾರಾಗಿ ಹೋದೆ.

"ಗಿರೀಶಂಗೂ ಹಾಸನದಾಗೆ ಆಡ್ಬೇಕು ಅಂತ ಆಸೆ ಇತ್ತು. ಕರ್ಕಂಡೋಗು" ಎಂದರು ಸರೋಜಕ್ಕ. "ಆದ್ರೆ ಆರಂಗಿಲ್ಲ. ನಾನೂ ಬತ್ತೀನಿ."

ಹೀಗೆ ಆ ಭಾನುವಾರ ಬೆಳಿಗ್ಗೆ, ಚಾಲೂ ಇರುವ ವಿಡಿಯೋ ಗೇಮ್ ಯಂತ್ರವೊಂದು ಗೂಡ್ಸ್ ಟೆಂಪೋದಲ್ಲಿ ಹಗ್ಗ ಕಟ್ಟಿಸಿಕೊಂಡು ಹೊರಟಿತು. ಬ್ಯಾಟರಿಯನ್ನು ಎರಡು ಕಾಲಿನ ನಡುವೆ ಇರುಕಿಕೊಂಡು ನಾನು ಹಿಂದೆ ಕೂತೆ. ದಾರಿಯಲ್ಲಿ ಮೊಸಳೆ ಎಂಬ ಊರಿನ ಹತ್ತಿರ ಡ್ರೈವರ್ ಟೀಗೆ ನಿಲ್ಲಿಸಿದ. ಟಾರ್ಪಾಲಿನ ಒಳಗಿಂದ ಗುದ್ದುವ ಸದ್ದು, ನರಳುವ ಸದ್ದು ಬರುತ್ತಿತ್ತು. ಯಂತ್ರ ತನ್ನಷ್ಟಕ್ಕೆ ಆಡುತ್ತಿತ್ತು. ಟೀ ಅಂಗಡಿಯ ಬೆಂಚಿನಲ್ಲಿದ್ದ ಮುದುಕರೊಬ್ಬರು ಎದ್ದೇ ನಿಂತರು.

"ಯಾರ್ಲಾ ಅದು ಒಳೀಕೆ? ಯಾರ್ನ ಒಡೀತಿದೀರ?"

ಡ್ರೈವರ್ ನಕ್ಕ. ಮುಂದಿನ ಸೀಟಿನಲ್ಲಿದ್ದ ಸರೋಜಕ್ಕ ಲೋಟದಿಂದ ತಲೆ ಎತ್ತದೆ, "ನನ್ ತಮ್ಮ ಕಣಜ್ಜ, ಹಾಸನಕ್ಕೆ ಒಂಟವ್ನೆ" ಎಂದರು. ಟಾರ್ಪಾಲಿನ ಸಂದಿಯಿಂದ ನೀಲಿ ಬೆಳಕು ಬಂದು ನನ್ನ ಮಂಡಿಯ ಮೇಲೆ ಆರಿ ಹತ್ತುತ್ತಿತ್ತು. ನಾನು ಬ್ಯಾಟರಿ ಬಿಟ್ಟು ಕೆಳಗಿಳಿಯಲಿಲ್ಲ.

ಕಲ್ಯಾಣ ಮಂಟಪದ ಹಾಲಿನಲ್ಲಿ ಊರೂರಿನ ಗುಂಪುಗಳು ಬೀಗರಂತೆ ಬೇರೆ ಬೇರೆ ಕೂತಿದ್ದವು. ಮೊದಲ ಗಲಾಟೆ ಎತ್ತಿ ಬಿಸಾಡುವುದರ ಬಗ್ಗೆ. ಎದುರಾಳಿಯನ್ನು ಹತ್ತಿರ ಸೆಳೆದು ಎತ್ತಿ ಒಗೆಯುವುದು ಹೊಳೆನರಸೀಪುರದಲ್ಲಿ ಕಳ್ಳಾಟ. ಅರಕಲಗೂಡಿನಲ್ಲಿ ಅದೇ ಆಟ.

"ಕೈಗ್ ಸಿಕ್ಕಿದ್ ಮ್ಯಾಲೆ ಬಿಸಾಕ್ದೆ ಮುತ್ತಿಕ್ಬೇಕೇನ್ಲಾ?" ಎಂದಿತು ಅರಕಲಗೂಡು.

"ಗಂಡ್ಸಾದ್ರೆ ದೂರ ನಿಂತು ಒಡಿ" ಎಂದಿತು ಹೊಳೆನರಸೀಪುರ.

ಒಂದು ರೌಂಡಿಗೆ ಒಂದೇ ಸಲ ಎತ್ತಿ ಬಿಸಾಡಬಹುದು ಎಂದು ನಾನು ತೀರ್ಪು ಕೊಟ್ಟೆ. ಎರಡೂ ಕಡೆಯವರು ನನ್ನನ್ನು ಬೈದದ್ದರಿಂದ ತೀರ್ಪು ಸರಿಯಿದ್ದಿರಬೇಕು.

ನನ್ನ ಇನ್ನೊಂದು ನಿಯಮ ಗಿರೀಶನ ಸಲುವಾಗಿ. ಗೆದ್ದವನು ಆಟ ಮುಂದುವರಿಸಿದರೆ ಅಂಕ ಏರಿ ಪಟ್ಟಿ ಕದಡುತ್ತದೆ. ಆದ್ದರಿಂದ ಪ್ರತಿ ಪಂದ್ಯ ಗೆದ್ದವನೂ ಕೈ ಕಟ್ಟಿ ನಿಂತು ಕಂಪ್ಯೂಟರಿನ ಕೈಯಲ್ಲಿ ಸೋಲಬೇಕು. ಕಾರಣವನ್ನೂ ಹೇಳಿದೆ. ಆಮೇಲೆ ದಿನವಿಡೀ ಆ ವಿಚಿತ್ರ ನಡೆಯಿತು: ಗೆದ್ದವನ ಬೆನ್ನು ತಟ್ಟಿ ಕೂಗಾಡುವುದು, ಕೂಡಲೇ ಅವನು ಕೈ ಕಟ್ಟುವುದು, ಪರದೆಯ ಮೇಲೆ ಅವನ ಜಟ್ಟಿ ಅಲುಗಾಡದೆ ಏಟು ತಿನ್ನುವುದು. ಮೊದಮೊದಲು ನಕ್ಕರು. ಮಧ್ಯಾಹ್ನದ ಹೊತ್ತಿಗೆ ನಗು ನಿಂತಿತ್ತು. ಸುಮ್ಮನೆ ನಿಂತು ಹೊಡೆಸಿಕೊಳ್ಳುವವನನ್ನು ಅಷ್ಟು ಸಲ ನೋಡಬಾರದು. ಪಕ್ಕದ ಕುರ್ಚಿಯಲ್ಲಿ ಕೂತ ಸರೋಜಕ್ಕ ಒಂದನ್ನೂ ಬಿಡದೆ ನೋಡಿದರು.

ಫೈನಲ್ಲಿಗೆ ಬಂದವರು ಹೊಳೆನರಸೀಪುರದ ಸೀನ, ಚನ್ನರಾಯಪಟ್ಟಣದ ಲೋಕೇಶ. ಸೀನ ಗಿರೀಶನ ಗೆಳೆಯ. ಲೋಕೇಶ ತೆಂಗಿನಕಾಯಿ ಮಂಡಿಯಲ್ಲಿ ಕೆಲಸ ಮಾಡುತ್ತಿದ್ದ ಸಣಕಲ, ಮಾತು ಕಡಿಮೆ. ಮೂರನೆಯ ರೌಂಡಿನಲ್ಲಿ ಪರದೆಯ ಮೇಲೆ ಇಬ್ಬರ ಶಕ್ತಿ ತೋರಿಸುವ ಗೆರೆಯೂ ಎಳೆಯಷ್ಟು ಉಳಿದಿದ್ದಾಗ ಲೋಕೇಶ ದೂರದಿಂದ ಹಾರಿ ಒದ್ದು ಗೆದ್ದ. ಎತ್ತಿ ಬಿಸಾಡಲಿಲ್ಲ. ಸೀನ ಅವನ ತಲೆಗೂದಲು ಕೆದರಿ, "ಆಡ್ತೀಯ ಕಣ್ಲಾ" ಎಂದ. ಚಪ್ಪಾಳೆ ಮುಗಿಯುವ ಮುಂಚೆ ಲೋಕೇಶ ಹಿಂದೆ ಸರಿದು ಕೈ ಕಟ್ಟಿದ.

"ಯಾಕಪ್ಪ ಕೈ ಕಟ್ತೀಯ? ಆಡು" ಎಂದರು ಸರೋಜಕ್ಕ.

ನಾನು ಓಡಿ ಹೋದೆ. "ಅಕ್ಕ, ಇವನನ್ನ ಬಿಟ್ರೆ ಗಿರೀಶನ ಮೇಲೆ ಹೋಗಿಬಿಡ್ತಾನೆ."

"ಓದ್ರೆ ಗಿರೀಶನ ಎಸ್ರು ಅಳ್ಸೋಯ್ತದಾ?"

"ಇಲ್ಲ. ಎರಡನೇದಾಗುತ್ತೆ."

"ಆಗ್ಲಿ ಬುಡು. ಬೆಳಿಗ್ಗೆಯಿಂದ ಗೆದ್ದೋರೆಲ್ಲ ಏಟು ತಿಂತಾವ್ರೆ, ನೋಡಕ್ಕಾಗ್ತಿಲ್ಲ. ನಮ್ಮೂರಾಗೂ ಅಷ್ಟೆ, ನನ್ ಮಖ ನೋಡ್ಕಂಡು ಸೋಲ್ತಾರೆ. ಗಿರೀಶ ಒಬ್ನೇ ಕುಂತವ್ನೆ ಅಲ್ಲಿ. ಯಾರಾರ ಬರ್ಲಿ."

ಲೋಕೇಶ ಆಡಿದ. ಅಂಥ ಆಟವನ್ನು ನಾನು ಮತ್ತೆ ನೋಡಲಿಲ್ಲ. ನಿಜ ಹೇಳಬೇಕೆಂದರೆ ಅದನ್ನೂ ಪೂರ್ತಿ ನೋಡಲಿಲ್ಲ. ಹೊರಗೆ ಗಾಳಿ ಎದ್ದಿತ್ತು, ಹಾಲಿನ ಟ್ಯೂಬ್‌ಲೈಟು ಮಿಣುಕಿತು, ನಾನು ಯಂತ್ರದ ಹಿಂದೆ ಕುಕ್ಕರಗಾಲಲ್ಲಿ ಕೂತು ಬ್ಯಾಟರಿಯ ವಯರನ್ನು ಹಿಡಿದುಕೊಂಡಿದ್ದೆ. ಕೂಗಿನಿಂದಲೇ ಗೊತ್ತಾಗುತ್ತಿತ್ತು, ಒಬ್ಬೊಬ್ಬ ಜಟ್ಟಿಯೂ ಬೀಳುತ್ತಿದ್ದಾನೆಂದು. ನಂತರ ಕೂಗು ಸಣ್ಣದಾಯಿತು. ಸೀನ ಮೆಲ್ಲಗೆ, "ದಾಟ್ದ" ಎಂದ. ಸ್ವಲ್ಪ ಹೊತ್ತಿನಲ್ಲೇ ಕೊನೆಯ ಜಟ್ಟಿ ಲೋಕೇಶನನ್ನು ಬೀಳಿಸಿದ, ಹೆಸರು ಕೇಳುವ ಸಂಗೀತ ಶುರುವಾಯಿತು. ಕರೆಂಟು ಹೋಗಲೇ ಇಲ್ಲ. ನಾನು ಉಸಿರು ಬಿಟ್ಟೆ.

"ಅಕ್ಕ, ಗಿರೀಶಣ್ಣಂದೇ ಎಸ್ರು ಹಾಕ್ತೀನಿ. ಅಣ್ಣನ ಮ್ಯಾಲೆ ನಂದು ಬ್ಯಾಡ" ಎಂದ ಲೋಕೇಶ.

"ಅವ್ನು ಆಡ್ದೆ ಇರೋ ಆಟಕ್ಕೆ ಅವ್ನೆಸ್ರು ಯಾಕಪ್ಪ? ನೀ ಆಡಿದ್ದು, ನಿಂದೇ ಹಾಕು."

"ಹೆಂಗಕ್ಕ ಹಾಕ್ಲಿ? ನೀವೇ ಒಂದು ಅಕ್ಷರ ಒತ್ತಿ."

"ನಂಗ್ ಬರಾಕಿಲ್ಲ. ಸೀನ, ನೀನಾರ ಹೇಳ್ಲಾ ಅವ್ನಿಗೆ."

"ಅಕ್ಕ ಹೇಳ್ತಾವ್ರಲ್ಲ, ಹಾಕಪ್ಪ" ಎಂದ ಸೀನ.

"ನೀವ್ ಹಾಕಿ ಅಣ್ಣ, ನೀವ್ ಅವ್ರ ಸ್ನೇಹಿತ್ರು."

ಯಾರೂ ಜಾಯ್‌ಸ್ಟಿಕ್ ಮುಟ್ಟಲಿಲ್ಲ. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ನೀವು ಕೂತ್ಕೊಳ್ಳಿ, ಇಲ್ಲ ನೀವು ಎಂದು ಬಾಳೆಲೆ ಒಣಗಿಸುವ ಜನ ನಾವು. ಆ ಊಟದ ಹಾಲಿನಲ್ಲೇ ಅದೆಷ್ಟು ಸಲ ಆ ಮಾತು ಆಗಿತ್ತೋ. ಹಿಂದೆ ಕೂತು ಕೇಳುತ್ತಿದ್ದ ನನಗೆ, ಎಂಥ ಒಳ್ಳೆಯವರಪ್ಪ ಇವರೆಲ್ಲ ಎನ್ನಿಸಿತು. ಸಂಗೀತ ತಟ್ಟನೆ ನಿಂತಾಗಲೇ ಎದ್ದು ಪರದೆಯ ಕಡೆ ಬಂದದ್ದು.

ಹೆಸರು ಬರೆಯಲು ಯಂತ್ರ ಕೊಡುವ ಸಮಯ ಸ್ವಲ್ಪವೇ. ಮೂಲೆಯಲ್ಲಿ ಅಂಕಿ ಇಳಿಯುತ್ತಾ ಬರುತ್ತದೆ. ಮುಗಿದರೆ ಏನಿದೆಯೋ ಅದನ್ನೇ ಬರೆದುಕೊಳ್ಳುತ್ತದೆ. ಏನೂ ಒತ್ತದಿದ್ದರೆ ಇರುವುದು ಮೊದಲ ಅಕ್ಷರ, ಮೂರು ಸಲ. ಪಟ್ಟಿಯ ತುದಿಯಲ್ಲಿ 'ಎ-ಎ-ಎ', ಅದರ ಕೆಳಗೆ 'ಜಿ-ಐ-ಆರ್'.

ಆ ಕೆಲಸ ಬಿಟ್ಟು ಈಗ ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಹಾಸನದಲ್ಲೇ ಯುಪಿಎಸ್ ಮಾರಾಟ ಮತ್ತು ರಿಪೇರಿ ಮಾಡುತ್ತೇನೆ. ನನ್ನಂಥವನಿಗೆ ಹೇಳಿ ಮಾಡಿಸಿದ ದಂಧೆ, ಏಕೆಂದರೆ ಗಿರಾಕಿಗಳೂ ಹೆದರಿಯೇ ಬರುತ್ತಾರೆ. ವೃತ್ತಿ ನನಗೆ ಕಲಿಸಿದ್ದು ಇಷ್ಟು: ಕರೆಂಟು ಹೋಗುವುದಕ್ಕೆ ಬ್ಯಾಟರಿಯಿದೆ, ಗಾಳಿಗೆ ಹಗ್ಗವಿದೆ, ಜಗಳಕ್ಕೆ ನಿಯಮವಿದೆ. ಮನುಷ್ಯರು ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುವಾಗ ಯಂತ್ರವನ್ನು ನಿಲ್ಲಿಸಿಟ್ಟುಕೊಳ್ಳುವ ಉಪಾಯವನ್ನು ಮಾತ್ರ ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ. ಹೊಸ ಯುಪಿಎಸ್ ಕೂರಿಸುವಾಗ ಅದರ ಪುಟ್ಟ ಪರದೆಯ ಮೂಲೆಯಲ್ಲಿ ಅಂಕಿ ಇಳಿಯುವುದು ಕಂಡರೆ ಇಂದಿಗೂ ನನ್ನ ಬೆರಳು ಕೇಳದೆ ಬಟನ್ನಿನ ಕಡೆ ಹೋಗುತ್ತದೆ.

ಅಂದು ಸಂಜೆ ಬೆಳಕಿರುವಾಗಲೇ ಹೊಳೆನರಸೀಪುರಕ್ಕೆ ವಾಪಸ್ ಬಂದು ಯಂತ್ರವನ್ನು ಅದರ ಜಾಗದಲ್ಲಿ ನಿಲ್ಲಿಸಿದೆವು. ಪರದೆ ಒಮ್ಮೆಯೂ ಆರಿರಲಿಲ್ಲ. ಸೀನ ತಲೆ ತಗ್ಗಿಸಿ, "ನಾನು ಆಡಿ ದಾಟಿ, ಮೇಲೆ ಗಿರೀಶನ ಹೆಸರು ಹಾಕ್ಲಾ ಅಕ್ಕ?" ಎಂದ. ಬೇಡವೆಂದು ಸರೋಜಕ್ಕ ತಲೆಯಾಡಿಸಿದರು. ಮೇಲಿನದನ್ನಷ್ಟೇ ಅಳಿಸಲಾಗುವುದೇ ಎಂದು ನನ್ನನ್ನು ಕೇಳಿದರು. ಆಗುವುದಿಲ್ಲ, ಅಳಿಸಿದರೆ ಎಲ್ಲವೂ ಹೋಗುತ್ತದೆ ಎಂದೆ. ಯಂತ್ರ ತನ್ನಷ್ಟಕ್ಕೆ ಒಂದು ಆಟ ಆಡಿ ಮುಗಿಸಿತು, ಪಟ್ಟಿ ಬಂತು. ಗಿರೀಶನ ಮೇಲೆ ಕೂತಿದ್ದ 'ಎ-ಎ-ಎ' ಮೇಲೆ ಅವರು ಬೆರಳಿಟ್ಟರು.

"ಮನ್ಸ ಆಗಿದ್ರೆ ಒಳೀಕ್ ಕರ್ದು ಕಾಪಿ ಕೊಟ್ಟು ಮಾತಾಡುಸ್ತಿದ್ದೆ" ಎಂದರು. "ಇವ್ನ ಏನಂತ ಕರೀಲಪ್ಪ?"