ಮಣಿಕಟ್ಟಿಗೆ ಮಣಿಕಟ್ಟು

ಎಡಭುಜ ಹಿಡಿದುಕೊಂಡು, ಜಡೆ ಹೆಣೆಯುವುದಕ್ಕೂ ಕೈ ಮೇಲೇಳದಂತಾದಾಗ ಪಕ್ಕದ ಮನೆಯಾಕೆ ನನ್ನನ್ನು ಯಲಹಂಕ ಉಪನಗರದ ಪಾರ್ಕಿಗೆ ಕರೆದುಕೊಂಡು ಹೋದಳು. ಅಲ್ಲಿ ಬೆಳಿಗ್ಗೆ ಹೊತ್ತು ತಾಯ್ ಚಿ ಹೇಳಿಕೊಡುತ್ತಿದ್ದರು. ಕಲಿಸುವವರು ಆರ್.ಟಿ. ನಗರದಿಂದ ಸ್ಕೂಟರಿನಲ್ಲಿ ಬರುವ ನಿವೃತ್ತ ಪಿ.ಟಿ. ಟೀಚರ್. ಚೀನಾದ ವಿದ್ಯೆ ಎಂದರೆ ಒದೆಯುವುದು, ಕೂಗುವುದು ಎಲ್ಲ ಇರುತ್ತದೆ ಎಂದುಕೊಂಡಿದ್ದೆ. ನೋಡಿದರೆ ಹೊಂಗೆಮರದ ಕೆಳಗೆ ಹೆಂಗಸರು ಗಂಡಸರು ಸಾಲಾಗಿ ನಿಂತು, ಸೊಂಟದವರೆಗೆ ನೀರಿನಲ್ಲಿ ಇಳಿದವರ ಹಾಗೆ ನಿಧಾನವಾಗಿ ಕೈಯಾಡಿಸುತ್ತಿದ್ದರು.

ಮೊದಲ ಪಾಠ ಚೆಂಡು ಹಿಡಿಯುವುದು. ಇಲ್ಲದ ಚೆಂಡನ್ನು ಹೊಟ್ಟೆಯ ಮುಂದೆ ಹಿಡಿಯಬೇಕು. ಒಂದು ಅಂಗೈ ಅದರ ಮೇಲೆ, ಇನ್ನೊಂದು ಅದರ ಕೆಳಗೆ. ಬೆರಳು ಬಿಗಿಯಬಾರದು, ಜೋತೂ ಬೀಳಬಾರದು. ಅದು ನನಗೆ ಬೇಗ ಬಂತು. ಬಾರದೇ ಹೋದದ್ದು ನಿಲ್ಲಿಸದೆ ಇರುವುದು. ಕೈ ಒಂದು ಕಡೆ ಹೋಗಿ ಮುಟ್ಟಿದ ಕೂಡಲೇ, ಸರಿಯಾಯಿತೇ ಎಂದು ನಿಂತು ನೋಡಿಕೊಳ್ಳುತ್ತಿದ್ದೆ.

“ಒಂದು ಮುಗಿಯೋಕ್ ಮುಂಚೇನೇ ಇನ್ನೊಂದು ಶುರುವಾಗ್ಬೇಕು ಕಣ್ರೀ,” ಎಂದರು ಟೀಚರ್. “ನೀವು ಸ್ಟಾಪ್ ಸ್ಟಾಪಿಗೂ ನಿಲ್ಲಿಸ್ತಿದ್ದೀರಿ.”

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಪಾರ್ಕಿನ ಗೇಟಿನ ಬಳಿ ನನ್ನ ಓರಗಿತ್ತಿ ಕಾರಿನಿಂದ ಇಳಿದಳು. ನನ್ನ ಭಾವನ ಹೆಂಡತಿ, ನನಗಿಂತ ಹಿರಿಯಳು. ಗಂಡನ ಊರಾದ ಕೋಗಿಲಿನ ಜಮೀನು ಪಾಲಾದಾಗ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ನಮ್ಮಿಬ್ಬರಲ್ಲಿ ಜಗಳವೇನೂ ಆಗಿರಲಿಲ್ಲ. ಗಂಡಂದಿರು ಬಿಟ್ಟರೆಂದು ನಾವೂ ಬಿಟ್ಟೆವು. ಮಂಡಿನೋವಿಗೆಂದು ಅವಳ ಸೊಸೆ ಅವಳನ್ನು ಇಲ್ಲಿಗೆ ಸೇರಿಸಿದ್ದಳು. ನನ್ನನ್ನು ಕಂಡವಳೇ ಹೋಗಿ ಕೊನೆಯ ಸಾಲಿನಲ್ಲಿ ನಿಂತಳು. ಎಷ್ಟೋ ದಿನ ಹಾಗೇ ನಡೆಯಿತು.

ಆಮೇಲೆ ಜೋಡಿ ಅಭ್ಯಾಸ ಬಂತು. ಇಬ್ಬರು ಎದುರುಬದುರು ನಿಂತು, ಮಣಿಕಟ್ಟಿನ ಹಿಂಬದಿಗೆ ಮಣಿಕಟ್ಟು ತಾಗಿಸಿ, ಗಾಳಿಯಲ್ಲಿ ಬಳೆ ಬರೆದ ಹಾಗೆ ಸುತ್ತಬೇಕು. ಒಬ್ಬರು ತಳ್ಳಿದರೆ ಇನ್ನೊಬ್ಬರು ಸರಿಯಬೇಕು, ಆದರೆ ಕೈ ಮಾತ್ರ ಬಿಡಬಾರದು. ಟೀಚರಿಗೆ ನಮ್ಮ ಮನೆಯ ಕಥೆ ಏನು ಗೊತ್ತು? ಎತ್ತರ ಒಂದೇ ಇದೆಯೆಂದು ನಮ್ಮಿಬ್ಬರನ್ನು ಜೋಡಿ ಮಾಡಿದರು.

ನಾನು ಅವಳ ಕಿವಿಯ ಓಲೆ ನೋಡಿದೆ. ಅವಳು ಹೊಂಗೆಮರ ನೋಡಿದಳು. ಬಲಗೈ ಹೇಗೋ ಸುತ್ತಿತು. ಎಡಗೈಗೆ ಬದಲಿಸಿದಾಗ ಭುಜ ಚುಳುಕ್ಕೆಂದಿತು. ನಾನು ಹೇಳುವ ಮೊದಲೇ ಅವಳ ಮಣಿಕಟ್ಟಿಗೆ ಅದು ತಿಳಿದುಹೋಯಿತು. ಮೇಲೆ ಹೋಗುತ್ತಿದ್ದ ಸುತ್ತನ್ನು ಅವಳು ಹಗುರವಾಗಿ ಎದೆಯ ಕೆಳಕ್ಕೆ ಇಳಿಸಿದಳು.

“ನೋಯ್ತೈತಾ?” ಎಂದಳು.

“ಈ ಕಡೆ ಅಷ್ಟೇ ಅಕ್ಕ.”

“ಹಂಗಾರೆ ಇಂಗೇ ತಿರುಗ್ಸು. ಮ್ಯಾಕೆ ಎತ್ಬ್ಯಾಡ.”

ಮಾತಾಡಿದ್ದು ಅಷ್ಟೇ, ಆದರೆ ಟೀಚರ್ ಸಾಕು ಎನ್ನುವವರೆಗೂ ನಮ್ಮ ಕೈ ಒಮ್ಮೆಯೂ ನಿಲ್ಲಲಿಲ್ಲ. ನಾವಿಬ್ಬರೂ ಹೊಸ ಸೊಸೆಯರಾಗಿದ್ದಾಗ ಕಣದಲ್ಲಿ ಅಕ್ಕಪಕ್ಕ ಕೂತು ರಾಗಿ ಕೇರುತ್ತಿದ್ದೆವು. ಅವಳ ಮೊರ ಏಳುವಾಗ ನನ್ನದು ಇಳಿಯುತ್ತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ.

ಅವತ್ತು ಅವಳ ಸೊಸೆಯ ಕಾರಿನಲ್ಲಿ ನನ್ನನ್ನೂ ಹತ್ತಿಸಿಕೊಂಡಳು. ದಾರಿಯಲ್ಲಿ ಮಂಡಿ, ಭುಜ, ಮೊಮ್ಮಕ್ಕಳ ಸ್ಕೂಲು ಎಂದೆಲ್ಲ ಮಾತು ಬಂತು. ಜಮೀನಿನ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ಸಂಜೆ ನನ್ನ ಗಂಡನಿಗೆ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು, ಅತ್ತಿಗೆ ಹೇಗಿದ್ದಾರೆ ಎಂದು ಕೇಳಿದರು. ಅಣ್ಣತಮ್ಮಂದಿರು ಈಗ ಮದುವೆಮನೆಗಳಲ್ಲಿ ಎದುರಾದರೆ ಊಟ ಆಯ್ತಾ ಎನ್ನುವಷ್ಟಕ್ಕೆ ಬಂದಿದ್ದಾರೆ.

ನಾವಿಬ್ಬರೂ ಮಾತ್ರ ಬಾಕಿ ಉಳಿದಿದ್ದ ಮಾತನ್ನೆಲ್ಲ ಪಾರ್ಕಿನಲ್ಲೇ ಆಡಿ ಮುಗಿಸುವವರಂತೆ ಆಡಿದೆವು. ಹೋದ ತಿಂಗಳು ಟೀಚರಿಗೆ ಸಾಕಾಗಿ, ಅವಳನ್ನು ಮುಂದಿನ ಸಾಲಿಗೂ ನನ್ನನ್ನು ಹಿಂದಿನ ಸಾಲಿಗೂ ಹಾಕಿದ್ದಾರೆ.