ಎರಡನೇ ಕಾಲಿನ ಅಳತೆ

ನಮ್ಮ ಬೀದಿಯ ದರ್ಜಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಸೂಜಿಯ ಕೆಳಗೆ ಬಟ್ಟೆ ಇರಲಿ ಬಿಡಲಿ, ಮೆಷಿನ್ನಿನ ಪೆಡಲಿನ ಮೇಲೆ ಅವರ ಕಾಲು ಆಡುತ್ತಲೇ ಇರುತ್ತದೆ. ನನ್ನದು ಪಕ್ಕದ ಗಡಿಯಾರ ರಿಪೇರಿ ಅಂಗಡಿ, ನಡುವೆ ಒಂದು ಹಲಗೆಯ ಗೋಡೆ. ಮೂವತ್ತು ವರ್ಷದಿಂದ ಆ ಟಕಟಕ ಕೇಳಿ ಕೇಳಿ ನನ್ನ ತಾಳ್ಮೆ ಸವೆದುಹೋಗಿದೆ. ಆದರೆ ಅದು ನಿಂತ ದಿನ ಏನಾಯಿತು ಎನ್ನುವುದನ್ನೇ ಈಗ ಹೇಳಹೊರಟಿದ್ದೇನೆ.

ಎಲ್ಲರೂ ಅವರನ್ನು ಮಾಸ್ಟರ್ ಎನ್ನುತ್ತಾರೆ. ಗಿರಾಕಿಗೆ ಜನ್ಮದಲ್ಲಿ ‘ನಾಳೆ ಬನ್ನಿ’ ಅಂದವರಲ್ಲ. ದರ್ಜಿಗಳಲ್ಲಿ ಇಂಥ ಪ್ರಾಣಿ ಇನ್ನೊಂದು ಇದ್ದರೆ ತೋರಿಸಿ. ಬೀದಿಯ ಕೊನೆಯಲ್ಲಿರುವ ಹೆಣ್ಣುಮಕ್ಕಳ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಜೆರ್ಸಿ, ಚಡ್ಡಿ ಹೊಲಿಯುವುದು ಇವರೇ. ಆ ತಂಡದ ಹುಚ್ಚು ನಮ್ಮ ಬೀದಿಯಲ್ಲಿ ನಾಲ್ವರಿಗೆ: ಮಾಸ್ಟರ್, ನಾನು, ಎದುರಿನ ಔಷಧಿ ಅಂಗಡಿಯವರು ಮತ್ತು ನಿವೃತ್ತಿಯಾದರೂ ಗಂಟಲು ನಿವೃತ್ತಿಯಾಗದ ಬಸ್ ಕಂಡಕ್ಟರ್.

ಮೊದಲ ಪಂದ್ಯಕ್ಕೆ ಮೂರು ವಾರ ಇರುವಾಗ ಹುಡುಗಿಯರು ಅಳತೆ ಕೊಡಲು ಬರುತ್ತಾರೆ. ಅಂದು ಔಷಧಿಯವರೂ ನಾನೂ ಅಂಗಡಿಗೆ ಬಾಗಿಲು ಹಾಕಿ, ಕಂಡಕ್ಟರ್ ಜೊತೆ ಮಾಸ್ಟರ್ ಹತ್ತಿರ ಹಾಜರ್. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಒಬ್ಬೊಬ್ಬರೂ ತಮ್ಮ ಲೆಕ್ಕದಲ್ಲಿ ಅಂಕಣಕ್ಕೆ ಇಳಿಯಬೇಕಾದ ಐದು ಜನರ ನಂಬರನ್ನು ಸೀಮೆಸುಣ್ಣದಲ್ಲಿ ಬರೆಯಬೇಕು. ಮೊದಲ ಪಂದ್ಯದವರೆಗೆ ಅದನ್ನು ಯಾರೂ ಒರೆಸುವಂತಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಅಂತಾರಲ್ಲ, ಹಾಗೆ. ಕುಲಾವಿ ಹೊಲಿಯುವವರೂ ನಮ್ಮಲ್ಲೇ ಇದ್ದರು.

“ನಾಲ್ಕನೇ ನಂಬರ್ ಬೇಡ್ರೀ,” ಎಂದರು ಔಷಧಿಯವರು. “ಬಾಲು ಕೈಗೆ ಸಿಕ್ರೆ ತವರಿನ ಒಡವೆ ಥರ ಅಪ್ಕೊಂಡಿರ್ತಾಳೆ, ಯಾರಿಗೂ ಪಾಸ್ ಕೊಡಲ್ಲ.”

“ಒಂಬತ್ತು ಮಾತ್ರ ಏನು ಕಮ್ಮಿ? ಹತ್ತು ನಿಮಿಷದಲ್ಲಿ ಐದು ಫೌಲ್ ಮುಗಿಸಿ ಬೆಂಚಿಗೆ ಬಂದು ಕೂರ್ತಾಳೆ,” ಎಂದರು ಕಂಡಕ್ಟರ್. “ಯಾರನ್ನ ಬೇಕಾದ್ರೂ ಇಳಿಸಿ, ಯಾರನ್ನ ಬೇಕಾದ್ರೂ ಹತ್ತಿಸಿ. ಹನ್ನೊಂದು ಇದ್ರೆ ಬಂಡಿ ಓಡುತ್ತೆ.”

ಹನ್ನೊಂದು ಎಂದರೆ ಕೊಕ್ಕರೆ. ಕಾಲೇಜಿನ ಅತಿ ಎತ್ತರದ ಹುಡುಗಿ. ಹೋದ ವರ್ಷ ಬುಟ್ಟಿಯ ಕೆಳಗೆ ನಿಂತು ಚೆಂಡನ್ನು ಗಿಡದಿಂದ ಹಣ್ಣು ಕಿತ್ತಂತೆ ಕೀಳುತ್ತಿದ್ದಳು. ನಾವು ಮೂವರೂ ಬೇರೆ ಬೇರೆ ನಾಲ್ವರನ್ನು ಬರೆದು ಹನ್ನೊಂದನ್ನು ಮಾತ್ರ ಒಂದೇ ಮನಸ್ಸಿನಿಂದ ಬರೆದೆವು.

ಪರದೆಯ ಹಿಂದೆ ಹುಡುಗಿಯರ ಅಳತೆ ತೆಗೆಯುವುದು ಮಾಸ್ಟರ್ ಮಗಳು. ಅವಳೂ ಒಂದು ಕಾಲಕ್ಕೆ ಅದೇ ತಂಡದ ನಾಯಕಿ. ಹದಿನಾರು ವರ್ಷದ ಹಿಂದೆ ವರ್ಷದ ಮೊದಲ ಪಂದ್ಯದಲ್ಲೇ ಮಂಡಿ ಮುರಿದುಕೊಂಡು ಬಿದ್ದವಳು, ಇವತ್ತಿಗೂ ಕುಂಟುತ್ತಾಳೆ. ಪೆಡಲ್ ತುಳಿಯಲು ಆಗದೆ ಅವಳ ಮೆಷಿನ್ನಿಗೆ ಮೋಟಾರು ಹಾಕಿಸಿದ್ದಾರೆ. ಮಂಡಿ ಮೊದಲೇ ನೋಯುತ್ತಿತ್ತು, ಅವಳು ಮುಚ್ಚಿಟ್ಟಿದ್ದಳು ಎಂದು ಆಮೇಲೆ ಡಾಕ್ಟರು ಹೇಳಿದರು. ನೋವಿರುವ ಕಾಲು ತಿಂಗಳಲ್ಲಿ ಸೊರಗುತ್ತದಂತೆ. ಆ ವರ್ಷ ಮಗಳ ಅಳತೆ ತೆಗೆದವರು ಸ್ವತಃ ಮಾಸ್ಟರ್, ತೆಗೆದದ್ದು ಎಲ್ಲ ದರ್ಜಿಗಳ ಹಾಗೆ ಒಂದೇ ತೊಡೆಯದ್ದು. ಅಂದಿನಿಂದ ಅವರ ಅಳತೆ ಪುಸ್ತಕದಲ್ಲಿ ತೊಡೆಗೆ ಎರಡು ಮನೆ, ಎಡಕ್ಕೊಂದು, ಬಲಕ್ಕೊಂದು.

ಪರದೆಯ ಹಿಂದಿನ ಅಳತೆ ನಮ್ಮ ಕಿವಿಗೆ ಬೀಳಬೇಕಾದದ್ದಲ್ಲ. ಆದರೆ ಪರದೆ ಕಣ್ಣಿಗೆ ಅಡ್ಡ ಬರುತ್ತದೆಯೇ ಹೊರತು ಕಿವಿಗಲ್ಲ.

“ಎಡ ಇಪ್ಪತ್ತೆರಡು,” ಎಂದಳು ಮಗಳು. ಸ್ವಲ್ಪ ತಡೆದು, “ಬಲ ಇಪ್ಪತ್ತೂವರೆ.”

ಮಾಸ್ಟರ್ ಪೆನ್ಸಿಲ್ ಗಾಳಿಯಲ್ಲಿ ನಿಂತಿತು. ಕಾಲು ಮಾತ್ರ ಪೆಡಲನ್ನು ದಬದಬ ತುಳಿಯತೊಡಗಿತು. ಪರದೆ ಸರಿಸಿ ಹೊರಬಂದದ್ದು ಕೊಕ್ಕರೆ. ನಮ್ಮನ್ನು ನೋಡಿ ನಕ್ಕು, ಮೇಜಿನ ಮೇಲೆ ಮೂರು ಕಡೆ ತನ್ನ ನಂಬರ್ ಕಂಡು ಇನ್ನಷ್ಟು ನಕ್ಕು ಹೋದಳು. ಮಾಸ್ಟರ್ ನಾಲ್ಕು ನಂಬರ್ ಬರೆದು ಐದನೆಯ ಜಾಗ ಖಾಲಿ ಬಿಟ್ಟರು.

ಮರುದಿನ ಅವರು ನನ್ನ ಅಂಗಡಿಗೆ ಬಂದು ಕೂತರು, ಎದ್ದರು, ಮತ್ತೆ ಕೂತರು. ಬಿಚ್ಚಿಟ್ಟ ಗಡಿಯಾರದ ಮುಳ್ಳನ್ನು ಎತ್ತಿ ಎಲ್ಲೋ ಇಟ್ಟರು.

“ಕೋಚ್‌ಗೆ ಹೇಳಿದ್ರೆ ಅವಳನ್ನ ತಂಡದಿಂದ ತೆಗೀತಾರೆ. ಆಟದ ಮೇಲೆ ಸಿಕ್ಕಿರೋ ಹಾಸ್ಟೆಲ್ ಸೀಟು ಅದು. ಆಟ ಹೋದ್ರೆ ಓದೂ ಹೋಯ್ತು,” ಎಂದರು. “ಹೇಳದಿದ್ರೆ ಕಾಲು ಹೋಗುತ್ತೆ. ಏನ್ ಮಾಡ್ಲಿ ಹೇಳಿ.”

“ಅವಳನ್ನೇ ಕೇಳಬಹುದಲ್ಲ?”

“ಕೇಳ್ದೆ. ಏನೂ ಇಲ್ಲ ಮಾಸ್ಟ್ರೇ, ಚೆನ್ನಾಗಿದೀನಿ ಅಂದ್ಲು. ನನ್ನ ಮಗಳೂ ಹೀಗೇ ಅಂದಿದ್ಲು.”

ನಾನು ಮುಳ್ಳು ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಮೊದಲು ಹೊಳೆದದ್ದು ಆ ಹುಡುಗಿಯ ಕಾಲಲ್ಲ. ಕೊಕ್ಕರೆ ಇಲ್ಲದಿದ್ದರೆ ಈ ವರ್ಷ ನಮ್ಮ ಕತೆ ಮುಗಿಯಿತು ಎನ್ನುವುದು. ಮೇಜಿನ ಮೇಲೆ ನಾನು ಬರೆದ ಹನ್ನೊಂದನ್ನು ಒರೆಸಲೂ ಇಲ್ಲ.

ಮಾಸ್ಟರ್ ಕೊನೆಗೆ ಹಿಡಿದದ್ದು ಅವರಿಗೆ ಬಾರದ ವಿದ್ಯೆ. ಎಲ್ಲರ ಬಟ್ಟೆ ಹೊಲಿದುಕೊಟ್ಟು ಹನ್ನೊಂದನೇ ನಂಬರಿನದನ್ನು ಮಾತ್ರ ಹೊಲಿಯದೆ ಉಳಿಸಿಕೊಂಡರು. ಜೆರ್ಸಿ ಇಲ್ಲದೆ ಅಂಕಣಕ್ಕೆ ಇಳಿಸುವ ಹಾಗಿಲ್ಲವಲ್ಲ. ಹುಡುಗಿ ಬಂದಾಗ ನೂಲು ಸಿಕ್ಕಿಲ್ಲ ಎಂದರು, ಬಟ್ಟೆ ಸಾಲಲಿಲ್ಲ ಎಂದರು, ಕಡೆಗೆ ಆ ಮಾತನ್ನೂ ಆಡಿದರು: “ನಾಳೆ ಬಾಮ್ಮ.” ಹಲಗೆಯ ಈಚೆ ಅದನ್ನು ಕೇಳಿ ನನ್ನ ಕೈಯಿಂದ ಚಿಮುಟ ಜಾರಿತು. ಕಂಡಕ್ಟರ್ ಅಂತೂ ಬೀದಿಗೆಲ್ಲ ಡಂಗುರ ಸಾರಿದರು: “ಮಾಸ್ಟ್ರಿಗೆ ವಯಸ್ಸಾಯ್ತು ಕಣ್ರೀ, ನಾಳೆ ಅನ್ನೋಕೆ ಕಲ್ತಿದಾರೆ!” ಕೋಚ್ ಬಂದು, ಗುರುವಾರದೊಳಗೆ ಕೊಡದಿದ್ದರೆ ಮುಂದಿನ ವರ್ಷದಿಂದ ರೆಡಿಮೇಡ್ ಅಂಗಡಿಯೇ ಗತಿ ಎಂದು ಎಗರಾಡಿ ಹೋದರು. ಮಾಸ್ಟರ್ ಕತ್ತರಿ ತೆಗೆದರು, ಇಟ್ಟರು, ಮತ್ತೆ ತೆಗೆದರು.

ಗುರುವಾರ ಮಧ್ಯಾಹ್ನ ನಾವು ನಾಲ್ವರೂ ಅಲ್ಲೇ ಇದ್ದೆವು. ಪಂದ್ಯ ಶನಿವಾರ. ಕೊಕ್ಕರೆ ಬಂದು ಬಾಗಿಲಲ್ಲಿ ನಿಂತಳು. ಈ ಸಲ ನಗು ಇರಲಿಲ್ಲ.

“ಮಾಸ್ಟ್ರೇ, ನಂದು?”

“ನಾಳೆ...”

“ಯಾವ ನಾಳೆ ಅಪ್ಪ?” ಮಗಳು ಮೆಷಿನ್ ಬಿಟ್ಟು ಎದ್ದಳು. ಕುಂಟುತ್ತಾ ಹೋಗಿ ಲೈನಿಂಗ್ ಬಟ್ಟೆಯ ಕಟ್ಟಿನ ಅಡಿಯಿಂದ ಮಡಿಸಿಟ್ಟ ಜೆರ್ಸಿ ತೆಗೆದು ಮೇಜಿನ ಮೇಲೆ ಇಟ್ಟಳು. ಬೆನ್ನಿನ ಮೇಲೆ ಹನ್ನೊಂದು, ಅಚ್ಚುಕಟ್ಟಾಗಿ. “ನೀನು ಊಟಕ್ಕೆ ಹೋದಾಗ ನಾನೇ ಹೊಲಿದೆ. ಅವಳ ಕಾಲು ಅವಳದು. ಬಟ್ಟೆ ಬಚ್ಚಿಟ್ಟು ಕಾಯೋಕಾಗಲ್ಲ.”

“ಹುಚ್ಚು ಹಿಡಿದಿದ್ಯಾ ನಿಂಗೆ?” ಮಾಸ್ಟರ್ ಧ್ವನಿ ಒಡೆಯಿತು. “ಅವತ್ತು ನಾನು ಎರಡನೇ ಕಾಲು ಅಳೆದಿದ್ರೆ ನೀನು ಇವತ್ತು...”

“ಅಳೆದಿದ್ರೂ ಗೊತ್ತಾಗ್ತಿರಲಿಲ್ಲ.”

ಅಂಗಡಿಯಲ್ಲಿ ಪೆಡಲಿನ ಸದ್ದೊಂದೇ.

“ಎಲ್ಲಿ ಅಳೀತೀಯೋ ಅಂತ ಹೆದರಿ ಆ ತೊಡೆಗೆ ಬ್ಯಾಂಡೇಜ್ ಸುತ್ತಿದ್ದೆ ಅಪ್ಪ. ಅದರ ಮೇಲೆ ಅಮ್ಮನ ಹಳೇ ಬಟ್ಟೆ. ಎರಡೂ ಕಾಲು ಸಮ ಆಗೋವರೆಗೂ ನಿನ್ನ ಟೇಪಲ್ಲೇ ಅಳ್ಕೊಂಡು ಸುತ್ತಿದ್ದೆ. ಆ ಕಾಲನ್ನ ನೀನು ಅಳೀಲೇ ಇಲ್ಲ. ಆಮೇಲೆ ನೀನು ತಪ್ಪೆಲ್ಲ ನಂದು ಅಂತ ಕೊರಗೋಕೆ ಶುರು ಮಾಡ್ದೆ. ನಾನು ಸುಮ್ಮನಿದ್ದೆ. ನಿನ್ನ ತಪ್ಪು ಅಂತ ಆದ್ರೆ ನನ್ನ ತಪ್ಪು ಹಗುರ ಆಗ್ತಿತ್ತು, ಅದಕ್ಕೆ.”

ನಾನು ಮಾಸ್ಟರ್ ಮುಖ ನೋಡಲಾರದೆ ಕೆಳಗೆ ನೋಡಿದೆ. ಪೆಡಲಿನ ಮೇಲೆ ಅವರ ಕಾಲು ಆಡದೆ ನಿಂತಿತ್ತು.

ಹುಡುಗಿ ಜೆರ್ಸಿಯ ಅಂಚನ್ನು ಬೆರಳಲ್ಲಿ ತಿರುವುತ್ತಿದ್ದಳು. “ಅವತ್ತು ಎಷ್ಟು ಹೊತ್ತು ಆಡಿದ್ರಿ ಅಕ್ಕ?”

“ನಾಲ್ಕು ನಿಮಿಷ.”

ಕೊಕ್ಕರೆ ಬಗ್ಗಿ, ಹೆಬ್ಬೆರಳಿನಿಂದ ಮೇಜಿನ ಮೇಲಿನ ಹನ್ನೊಂದನ್ನು ಒರೆಸಿದಳು. ಮೊದಲು ಕಂಡಕ್ಟರದು, ಆಮೇಲೆ ಔಷಧಿಯವರದು, ಕೊನೆಗೆ ನನ್ನದು. ನಾನೇ ಒರೆಸಬೇಕಾಗಿದ್ದದ್ದು ಅದು. ಅವಳ ಹೆಬ್ಬೆರಳು ಬೆಳ್ಳಗಾಗಿತ್ತು.

“ನನ್ನ ಜಾಗಕ್ಕೆ ಯಾರನ್ನ ಹಾಕ್ತೀರಾ?” ಎಂದು ನಮ್ಮನ್ನೇ ಕೇಳಿದಳು.

ವರ್ಷವಿಡೀ ಬಾಯಿ ಬಡಿದುಕೊಳ್ಳುವ ಕಂಡಕ್ಟರ್ ಮೆಲ್ಲಗೆ, “ಹದಿನಾಲ್ಕು ಪರವಾಗಿಲ್ಲಮ್ಮ. ಎತ್ತರ ಇದಾಳೆ, ಬಾಲು ಕೈಲಿ ನಿಲ್ಲಲ್ಲ ಅಷ್ಟೆ,” ಎಂದರು.

“ನಾನು ಹೇಳ್ಕೊಡ್ತೀನಿ,” ಎಂದು ಹುಡುಗಿ ಜೆರ್ಸಿಯನ್ನು ಅಲ್ಲೇ ಬಿಟ್ಟು ಕೋಚ್ ಹತ್ತಿರ ಹೋದಳು.

ಮುಂದಿನದನ್ನೂ ಹೇಳಿಬಿಡುತ್ತೇನೆ. ಶನಿವಾರ ನಾವು ಹತ್ತೊಂಬತ್ತು ಪಾಯಿಂಟಿನಿಂದ ಸೋತೆವು. ಹಾಸ್ಟೆಲ್‌ನವರು ಪರೀಕ್ಷೆ ಮುಗಿಯುವವರೆಗೆ ಇರು ಎಂದಿದ್ದಾರೆ, ಆಮೇಲೇನೆಂದು ಯಾರೂ ಹೇಳಿಲ್ಲ. ಹನ್ನೊಂದನೇ ಜೆರ್ಸಿ ಮಾಸ್ಟರ್ ಅಂಗಡಿಯ ಗೂಟದಲ್ಲಿ ನೇತಾಡುತ್ತಿದೆ.

ಆದರೆ ನನ್ನ ಕಣ್ಣಿಂದ ಮಾಸದಿರುವುದು ಗುರುವಾರ ಹುಡುಗಿ ಹೋದಮೇಲಿನದು. ಮಾಸ್ಟರ್ ಎದ್ದು ಅಟ್ಟಣಿಗೆಯಿಂದ ಧೂಳು ಹಿಡಿದ ಹಳೆಯ ಅಳತೆ ಪುಸ್ತಕ ಇಳಿಸಿದರು. ಹಾಳೆ ತಿರುವಿ ಹದಿನಾರು ವರ್ಷದ ಹಿಂದಿನ ಮಗಳ ಪುಟ ಹುಡುಕಿದರು. ಅದರಲ್ಲಿ ತೊಡೆಗೆ ಒಂದೇ ಅಳತೆ ಇತ್ತು.

“ಇನ್ನೊಂದು ಎಷ್ಟಿತ್ತು?” ಎಂದು ಕೇಳಿದರು. “ಬ್ಯಾಂಡೇಜ್ ಬಿಟ್ಟು.”

“ಹತ್ತೊಂಬತ್ತೂಮುಕ್ಕಾಲು,” ಎಂದಳು ಮಗಳು, ಒಂದು ಕ್ಷಣವೂ ಯೋಚಿಸದೆ.

ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಹಳೆಯ ಅಳತೆಯ ಪಕ್ಕದಲ್ಲಿ ಅದನ್ನು ಬರೆದುಕೊಂಡರು.